ಯಕೃತ್ತಿನ ರಕ್ತಪರೀಕ್ಷೆ: ವರದಿಯನ್ನು ಓದುವ ಬಗೆ

(ಶಾಲಾ ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ, ಶಾಲೆಯ ಹಳೆವಿದ್ಯಾರ್ಥಿಯಾದ ವೈದ್ಯರೊಬ್ಬರು ಮಾಡಿದ ಭಾಷಣದ ಬರಹರೂಪ)



ಆರೋಗ್ಯದ ವಿಷಯವಾಗಿ ಮಾತನಾಡಬೇಕೆಂದು ಸಮಿತಿಯವರು ಅಪ್ಪಣೆ ಕೊಡಿಸಿದ್ದಾರೆ. ಆರೋಗ್ಯವೆಂಬುದು ಕಡಲಿನಷ್ಟು ದೊಡ್ಡ ವಿಷಯ. ಅದನ್ನು ಒಂದು ಗಂಟೆಯಲ್ಲಿ ದಾಟಲು ಹೊರಟರೆ ಯಾವ ದಡವೂ ಸಿಕ್ಕದು. ಆದುದರಿಂದ ನಾನು ಒಂದೇ ಒಂದು ಕಾಗದವನ್ನು ನಿಮ್ಮ ಮುಂದೆ ಬಿಡಿಸಿ ಇಡಲು ಬಯಸಿದ್ದೇನೆ. ಎಲ್.ಎಫ್.ಟಿ. ಎಂದು ನಾವೆಲ್ಲರೂ ಕರೆಯುವ, ಯಕೃತ್ತಿನ ಆರೋಗ್ಯವನ್ನು ತಿಳಿಸುವ ರಕ್ತಪರೀಕ್ಷೆಯ ವರದಿಯೇ ಆ ಕಾಗದ. ಇಂದು ಈ ಕಾಗದ ಬಾರದ ಮನೆ ನಮ್ಮ ಊರಿನಲ್ಲಿ ವಿರಳ.

ಇದನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಈ ಶಾಲೆಯ ಹಾಜರಿ ಪುಸ್ತಕದಲ್ಲಿ ಮೊದಲ ಹೆಸರುಗಳು ಬಿದ್ದಾಗ ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರಲ್ಲಿ ನಾವು ಕೇರಳದವರಾದೆವು, 1984ರಲ್ಲಿ ಕಾಸರಗೋಡೇ ಒಂದು ಜಿಲ್ಲೆಯಾಯಿತು. ಈಗ ನಮ್ಮ ಮನೆಯೊಬ್ಬರಿಗೆ ಕಾಯಿಲೆಯಾದರೆ ಏನಾಗುತ್ತದೆ? ವರದಿ ಇಂಗ್ಲಿಷಿನಲ್ಲಿ ಬರುತ್ತದೆ. ಸರಕಾರಿ ಆಸ್ಪತ್ರೆಯಲ್ಲಿ ವಿವರಣೆ ಮಲೆಯಾಳದಲ್ಲಿ ದೊರೆಯುತ್ತದೆ. ತಲಪಾಡಿ ದಾಟಿ ಮಂಗಳೂರಿಗೆ ಹೋದರೆ ಎರಡು ನಿಮಿಷದಲ್ಲಿ ಕನ್ನಡ ಅಥವಾ ತುಳುವಿನಲ್ಲಿ ಒಂದೆರಡು ಮಾತು. ಮನೆಗೆ ಬಂದ ಮೇಲೆ ಅಜ್ಜಿಗೆ ಅದನ್ನು ತುಳುವಿನಲ್ಲಿಯೋ ಹವ್ಯಕದಲ್ಲಿಯೋ ಕೊಂಕಣಿಯಲ್ಲಿಯೋ ಬ್ಯಾರಿಯಲ್ಲಿಯೋ ಮರಾಠಿಯಲ್ಲಿಯೋ ಹೇಳಬೇಕು. ಇಷ್ಟು ಭಾಷೆಗಳ ನಡುವೆ ಆ ಕಾಗದವನ್ನು ಕೈಯಲ್ಲಿ ಹಿಡಿದು ನಿಂತಿರುವುದು ಯಾರು? ಹೆಚ್ಚಾಗಿ ಈ ಶಾಲೆಯಲ್ಲಿ ಎಂಟನೆಯ ತರಗತಿಯಲ್ಲೋ ಹತ್ತನೆಯ ತರಗತಿಯಲ್ಲೋ ಓದುತ್ತಿರುವ ಮಗು. ಆ ಮಗು ದಪ್ಪ ಅಕ್ಷರದಲ್ಲಿ ಮುದ್ರಿತವಾದ ಅಂಕಿಯನ್ನು ಹುಡುಕಿ, ‘ಇದು ಹೆಚ್ಚಿದೆ’ ಎಂದು ಹೇಳುತ್ತದೆ. ಅಲ್ಲಿಂದ ಮುಂದೆ ಮನೆಯಲ್ಲಿ ಭಯವೋ ಉದಾಸೀನವೋ ಆಳ್ವಿಕೆ ನಡೆಸುತ್ತದೆ.

ಭಯದಿಂದ ಆಗುವ ಹಾನಿಯನ್ನು ಕಂಡಿದ್ದೇನೆ. ಒಂದು ಅಂಕಿ ಸ್ವಲ್ಪ ಏರಿದೆಯೆಂದು ಕ್ಷಯರೋಗದ ಮಾತ್ರೆಗಳನ್ನು ತಾವೇ ನಿಲ್ಲಿಸಿದವರಿದ್ದಾರೆ. ಉದಾಸೀನದಿಂದ ಆಗುವ ಹಾನಿಯನ್ನೂ ಕಂಡಿದ್ದೇನೆ. ‘ಎಲ್ಲ ನಾರ್ಮಲ್’ ಎಂಬ ಒಂದು ಮಾತನ್ನು ನಂಬಿ, ಒಳಗೇ ಗಟ್ಟಿಯಾಗುತ್ತಿದ್ದ ಯಕೃತ್ತನ್ನು ವರ್ಷಗಟ್ಟಲೆ ಹೊತ್ತು ತಿರುಗಿದವರಿದ್ದಾರೆ. ನನ್ನ ಇಂದಿನ ಮಾತಿನ ತಿರುಳು ಇಷ್ಟೇ: ಈ ವರದಿ ಒಂದು ತೀರ್ಪಲ್ಲ. ಅದು ಹಲವು ಸಾಕ್ಷಿಗಳ ಹೇಳಿಕೆ. ಯಾವ ಸಾಕ್ಷಿ ಯಾವ ಪ್ರಶ್ನೆಗೆ ಉತ್ತರ ಕೊಡುತ್ತಾನೆಂದು ತಿಳಿದರೆ ಅರ್ಧ ಭಯವೂ ಪೂರ್ತಿ ಉದಾಸೀನವೂ ತೊಲಗುತ್ತವೆ.

ಹೆಸರಿನಿಂದ ಆರಂಭಿಸೋಣ

ನಮ್ಮ ವಿಜ್ಞಾನ ಪಾಠದಲ್ಲಿ ಲಿವರಿಗೆ ‘ಪಿತ್ತಜನಕಾಂಗ’ ಎಂಬ ಹೆಸರಿದೆ. ಪಿತ್ತರಸವನ್ನು ಹುಟ್ಟಿಸುವ ಅಂಗ ಎಂಬ ಅರ್ಥ ಆ ಶಬ್ದದಲ್ಲಿಯೇ ಇದೆ. ಸಂಸ್ಕೃತದಿಂದ ಬಂದ ‘ಯಕೃತ್ತು’ ಎಂಬುದೂ ಅದೇ. ಅದರ ಕೆಳಗೆ ಅಂಟಿಕೊಂಡಿರುವ, ಪಿತ್ತರಸವನ್ನು ಕೂಡಿಡುವ ಸಣ್ಣ ಚೀಲ ‘ಪಿತ್ತಕೋಶ’. ಆದರೆ ಆಡುಮಾತಿನಲ್ಲಿಯೂ ಪತ್ರಿಕೆಗಳಲ್ಲಿಯೂ ಯಕೃತ್ತನ್ನೇ ಪಿತ್ತಕೋಶವೆಂದು ಕರೆಯುವ ರೂಢಿ ಬೆಳೆದಿದೆ. ಈ ಗೊಂದಲ ಬರಿಯ ಶಬ್ದದ್ದಲ್ಲ. ಕಲ್ಲಾಗಿದೆಯೆಂದು ಪಿತ್ತಕೋಶವನ್ನು ತೆಗೆದುಹಾಕಿದರೂ ಮನುಷ್ಯ ನೂರು ವರ್ಷ ಬಾಳಬಹುದು. ಯಕೃತ್ತಿಲ್ಲದೆ ಕೆಲವೇ ದಿನ ಬದುಕುವುದೂ ಕಷ್ಟ. ‘ಪಿತ್ತಕೋಶ ತೆಗೆಯಬೇಕಂತೆ’ ಎಂಬ ಮಾತು ಕೇಳಿ ಶಸ್ತ್ರಚಿಕಿತ್ಸೆಗೆ ಒಪ್ಪದೆ ಓಡಿಹೋದವರ ಭಯಕ್ಕೆ ಮೂಲ ಈ ಶಬ್ದದ ತಪ್ಪು ತಿಳಿವಳಿಕೆ. ಅಧ್ಯಾಪಕರು ಈ ಎರಡು ಶಬ್ದಗಳನ್ನು ಬೇರೆಬೇರೆಯಾಗಿ ಕಲಿಸಿದರೆ ಅದೇ ಒಂದು ಆರೋಗ್ಯಸೇವೆ.

ವಯಸ್ಕರಲ್ಲಿ ಸುಮಾರು ಒಂದೂವರೆ ಕಿಲೋ ತೂಗುವ ಯಕೃತ್ತು ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿದೆ. ಊಟದಿಂದ ಬಂದ ಸಕ್ಕರೆಯನ್ನು ಅದು ಕೂಡಿಡುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ತಯಾರಿಸುತ್ತದೆ. ಮದ್ದು, ಮದ್ಯ, ವಿಷಗಳನ್ನು ಒಡೆದು ಹೊರಗೆ ಕಳುಹಿಸುತ್ತದೆ. ಹಳತಾದ ಕೆಂಪು ರಕ್ತಕಣಗಳಿಂದ ಹುಟ್ಟುವ ಬಿಲಿರುಬಿನ್ ಎಂಬ ಹಳದಿ ದ್ರವ್ಯವನ್ನು ಪಿತ್ತರಸದ ಮೂಲಕ ಕರುಳಿಗೆ ಸಾಗಿಸುತ್ತದೆ. ಇಷ್ಟೆಲ್ಲ ಮಾಡಿಯೂ ನೋವೆಂದು ಕೂಗದ ಅಂಗ ಇದು. ಹೆಚ್ಚಿನ ಭಾಗ ಕೆಡುವವರೆಗೂ ಮೌನವಾಗಿಯೇ ಇರುತ್ತದೆ. ಆದುದರಿಂದಲೇ ರಕ್ತವನ್ನು ಕೇಳಬೇಕಾಗುತ್ತದೆ.

ತೋಟವೊಂದರ ಮೂರು ಪ್ರಶ್ನೆಗಳು

ನಮ್ಮಲ್ಲಿ ಹೆಚ್ಚಿನವರು ಅಡಿಕೆ ತೋಟವನ್ನು ಬಲ್ಲವರು. ಮಳೆಗಾಲದಲ್ಲಿ ತೋಟಕ್ಕೆ ಇಳಿದಾಗ ನಾವು ಮೂರು ಸಂಗತಿಗಳನ್ನು ನೋಡುತ್ತೇವೆ. ಮೊದಲನೆಯದು, ಮರದ ಬುಡದಲ್ಲಿ ಎಷ್ಟು ಅಡಿಕೆ ಉದುರಿ ಬಿದ್ದಿದೆ? ಕೊಳೆರೋಗ ತಗಲಿದೆಯೇ ಎಂದು ಅದರಿಂದ ತಿಳಿಯುತ್ತದೆ. ಎರಡನೆಯದು, ಕಣಿಯಲ್ಲಿ ನೀರು ಸರಾಗವಾಗಿ ಬಸಿದುಹೋಗುತ್ತಿದೆಯೇ, ಎಲ್ಲಾದರೂ ಕಟ್ಟಿ ನಿಂತಿದೆಯೇ? ಮೂರನೆಯದು, ಕೊನೆಗೆ ಅಂಗಳಕ್ಕೆ ಬಂದ ಫಸಲು ಎಷ್ಟು? ಯಕೃತ್ತಿನ ವರದಿಯ ಹತ್ತು ಹನ್ನೆರಡು ಸಾಲುಗಳು ಕೇಳುವುದೂ ಈ ಮೂರೇ ಪ್ರಶ್ನೆಗಳನ್ನು: ಜೀವಕೋಶಗಳು ಉದುರುತ್ತಿವೆಯೇ, ಪಿತ್ತರಸದ ಹರಿವು ತಡೆದಿದೆಯೇ, ಯಕೃತ್ತು ಕೆಲಸ ಮಾಡುತ್ತಿದೆಯೇ.

ಉದುರಿದ ಅಡಿಕೆಯ ಸ್ಥಾನದಲ್ಲಿರುವುದು ಎ.ಎಲ್.ಟಿ. ಮತ್ತು ಎ.ಎಸ್.ಟಿ. ಎಂಬ ಎರಡು ಕಿಣ್ವಗಳು. ಇವುಗಳ ಹಳೆಯ ಹೆಸರು ಎಸ್.ಜಿ.ಪಿ.ಟಿ. ಮತ್ತು ಎಸ್.ಜಿ.ಒ.ಟಿ. ಇವು ಜೀವಕೋಶದ ಒಳಗಿರಬೇಕಾದವು. ಕೋಶ ಒಡೆದಾಗ ಅಥವಾ ಸೋರಿದಾಗ ರಕ್ತಕ್ಕೆ ಬರುತ್ತವೆ. ಇವುಗಳಲ್ಲಿ ಎ.ಎಲ್.ಟಿ. ಬಹುಮಟ್ಟಿಗೆ ಯಕೃತ್ತಿನದೇ. ಎ.ಎಸ್.ಟಿ. ಹೃದಯದಲ್ಲಿ, ಮಾಂಸಖಂಡದಲ್ಲಿ, ಕೆಂಪು ರಕ್ತಕಣದಲ್ಲಿಯೂ ಇದೆ. 1954ರಲ್ಲಿ ನ್ಯೂಯಾರ್ಕಿನ ಲಾಡ್ಯೂ, ರೊಬ್ಲೆವ್‌ಸ್ಕಿ, ಕಾರ್ಮೆನ್ ಎಂಬ ವೈದ್ಯವಿಜ್ಞಾನಿಗಳು ಈ ಎ.ಎಸ್.ಟಿ. ಏರುವುದನ್ನು ಮೊದಲು ವರದಿ ಮಾಡಿದ್ದು ಹೃದಯಾಘಾತದ ರೋಗಿಗಳಲ್ಲಿ ಎಂಬುದನ್ನು ನೆನೆದರೆ ಈ ಮಾತು ಸ್ಪಷ್ಟವಾದೀತು. ಎರಡು ದಿನ ಬಿಡದೆ ಮಣ್ಣು ಅಗೆದು ಮೈ ಕೈ ನೋಯುತ್ತಿರುವವನ ರಕ್ತದಲ್ಲಿಯೂ ಎ.ಎಸ್.ಟಿ. ಏರಿರಬಹುದು. ರಕ್ತ ತೆಗೆಯುವಾಗ ಕಣಗಳು ಒಡೆದರೂ ಏರಬಹುದು.

ಎಷ್ಟು ಏರಿದೆ ಎಂಬುದೂ ಮುಖ್ಯ. ಎ.ಎಲ್.ಟಿ.ಯ ಮೇಲ್ಮಿತಿ ಹೆಚ್ಚಿನ ಪ್ರಯೋಗಾಲಯಗಳಲ್ಲಿ 40ರ ಆಸುಪಾಸು. 60, 80, 100 ಎಂದರೆ ನಿಧಾನವಾಗಿ ಉದುರುತ್ತಿದೆ ಎಂದರ್ಥ. ಇಂದು ಅದರ ಸಾಮಾನ್ಯ ಕಾರಣ ಯಕೃತ್ತಿನಲ್ಲಿ ಸೇರಿಕೊಂಡ ಕೊಬ್ಬು. ಸಾವಿರ, ಎರಡು ಸಾವಿರ ಎಂದಿದ್ದರೆ ಒಂದೇ ರಾತ್ರಿಯ ಬಿರುಗಾಳಿಗೆ ತೋಟ ಸಿಕ್ಕಿದಂತೆ: ವೈರಸ್ಸಿನ ಕಾಮಾಲೆ, ಅತಿಯಾದ ಪ್ಯಾರಾಸಿಟಮಾಲ್, ಯಕೃತ್ತಿಗೆ ರಕ್ತದ ಕೊರತೆ ಮುಂತಾದ ತೀವ್ರ ಕಾರಣಗಳನ್ನು ಹುಡುಕಬೇಕು. ಎ.ಎಸ್.ಟಿ.ಯು ಎ.ಎಲ್.ಟಿ.ಯ ಎರಡರಷ್ಟನ್ನು ಮೀರಿ, ಎರಡೂ ಮುನ್ನೂರರ ಒಳಗಿದ್ದರೆ ವೈದ್ಯರು ಮದ್ಯಪಾನದ ಬಗ್ಗೆ ಕೇಳುತ್ತಾರೆ. ಅದು ಅವಮಾನಿಸಲು ಕೇಳುವ ಪ್ರಶ್ನೆಯಲ್ಲ. ಅಂಕಿಗಳೇ ಕೇಳಿಸುವ ಪ್ರಶ್ನೆ.

ಇನ್ನು ಕಣಿಯ ನೀರು. ಆಲ್ಕಲೈನ್ ಫಾಸ್ಫಟೇಸ್ ಮತ್ತು ಜಿ.ಜಿ.ಟಿ. ಎಂಬ ಎರಡು ಸಾಲುಗಳು ಪಿತ್ತನಾಳಗಳ ಕಥೆ ಹೇಳುತ್ತವೆ. ನಾಳದಲ್ಲಿ ಕಲ್ಲು ಸಿಕ್ಕಿಕೊಂಡಾಗ ಅಥವಾ ಗಡ್ಡೆಯೊಂದು ನಾಳವನ್ನು ಒತ್ತಿದಾಗ ಇವು ಏರುತ್ತವೆ. ರಕ್ಷಕರು ಒಂದು ಮಾತು ನೆನಪಿಡಬೇಕು. ಆಲ್ಕಲೈನ್ ಫಾಸ್ಫಟೇಸ್ ಎಲುಬಿನಲ್ಲಿಯೂ ಇದೆ. ಬೆಳೆಯುತ್ತಿರುವ ಮಕ್ಕಳಲ್ಲಿ ಅದು ದೊಡ್ಡವರ ಮಿತಿಯ ಎರಡು ಮೂರು ಪಟ್ಟು ಇರುವುದು ಸಹಜ. ದೊಡ್ಡವರ ಮಿತಿಯನ್ನು ಮುದ್ರಿಸಿದ ವರದಿಯಲ್ಲಿ ಹದಿಮೂರರ ಹುಡುಗನ ಅಂಕಿ ದಪ್ಪ ಅಕ್ಷರದಲ್ಲಿ ಬಂದರೆ, ಅವನು ಎತ್ತರ ಬೆಳೆಯುತ್ತಿದ್ದಾನೆ ಎಂದಷ್ಟೇ ಅದರ ಅರ್ಥವಿರಬಹುದು. ಗರ್ಭಿಣಿಯರಲ್ಲಿ ಮಾಸಿನಿಂದಲೂ ಇದು ಬರುತ್ತದೆ. ಜಿ.ಜಿ.ಟಿ. ಎಲುಬಿನಿಂದ ಬರುವುದಿಲ್ಲ. ಆದುದರಿಂದ ಎರಡೂ ಜೊತೆಯಾಗಿ ಏರಿದರೆ ಯಕೃತ್ತಿನ ಕಡೆ ನೋಡಬೇಕು.

ಬಿಲಿರುಬಿನ್ ಎಲ್ಲರಿಗೂ ಗೊತ್ತಿರುವ ಸಾಲು. ಒಟ್ಟು ಬಿಲಿರುಬಿನ್ ಸಾಮಾನ್ಯವಾಗಿ 1.2ರ ಒಳಗಿರುತ್ತದೆ. ಎರಡೂವರೆ, ಮೂರು ದಾಟಿದಾಗ ಕಣ್ಣು ಹಳದಿಯಾಗಿ ಕಾಣುತ್ತದೆ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂಬ ಗಾದೆ ಕೇಳಲು ಚೆಂದ. ನಿಜದಲ್ಲಿ ರೋಗಿಗೆ ಲೋಕ ಹಳದಿಯಾಗಿ ಕಾಣುವುದಿಲ್ಲ. ಲೋಕಕ್ಕೆ ಅವನ ಕಣ್ಣು ಹಳದಿಯಾಗಿ ಕಾಣುತ್ತದೆ. ವರದಿಯಲ್ಲಿ ಬಿಲಿರುಬಿನ್ನನ್ನು ‘ಡೈರೆಕ್ಟ್’ ಮತ್ತು ‘ಇನ್‌ಡೈರೆಕ್ಟ್’ ಎಂದು ಎರಡಾಗಿ ತೋರಿಸಿರುತ್ತಾರೆ. ಈ ಭೇದವನ್ನು ಈ ಶಾಲೆ ಹುಟ್ಟುವುದಕ್ಕೂ ಮೊದಲೇ ಹಾಲೆಂಡಿನ ವಾನ್ ಡೆನ್ ಬರ್ಗ್ ಎಂಬ ವೈದ್ಯರು ಗುರುತಿಸಿದರು. ಇನ್‌ಡೈರೆಕ್ಟ್ ಎಂದರೆ ಯಕೃತ್ತು ಇನ್ನೂ ಸಂಸ್ಕರಿಸದ ಸರಕು. ಡೈರೆಕ್ಟ್ ಎಂದರೆ ಸಂಸ್ಕರಿಸಿ, ಸಾಗಿಸಲಾಗದೆ ಉಳಿದ ಸರಕು. ಮಿಕ್ಕೆಲ್ಲ ಸಾಲುಗಳು ಸರಿಯಾಗಿದ್ದು, ರಕ್ತಹೀನತೆಯೂ ಇಲ್ಲದೆ, ಇನ್‌ಡೈರೆಕ್ಟ್ ಮಾತ್ರ ತುಸು ಏರಿದ್ದರೆ ಅದು ಬಹುಪಾಲು ಗಿಲ್ಬರ್ಟ್ ಎಂಬ ಹುಟ್ಟುಗುಣ. ನೂರರಲ್ಲಿ ನಾಲ್ಕೈದು ಮಂದಿಯಲ್ಲಿ ಅದು ಇದೆ. ಏಕಾದಶಿಯ ಉಪವಾಸದ ಮರುದಿನವೋ ಜ್ವರ ಬಂದಾಗಲೋ ಅಂಕಿ 2 ಅಥವಾ 3ಕ್ಕೆ ಏರಿ, ತಾನಾಗಿ ಇಳಿಯುತ್ತದೆ. ಅದು ಕಾಯಿಲೆಯಲ್ಲ. ಅದಕ್ಕೆ ಮದ್ದೂ ಇಲ್ಲ, ಪಥ್ಯವೂ ಬೇಡ. ಡೈರೆಕ್ಟ್ ಏರಿ, ಮೂತ್ರ ಕಡುಬಣ್ಣವಾಗಿ, ಮಲ ಬಿಳಿಚಿಕೊಂಡು, ಮೈ ತುರಿಸುತ್ತಿದ್ದರೆ ಕಣಿ ಕಟ್ಟಿದೆ ಎಂದೇ ತಿಳಿದು ತಡಮಾಡದೆ ಸ್ಕ್ಯಾನಿಂಗ್ ಮಾಡಿಸಬೇಕು.

ಎಳೆಯ ತಾಯಂದಿರಿಗೂ ಅಜ್ಜಿಯಂದಿರಿಗೂ ಇಲ್ಲಿ ಒಂದು ವಿನಂತಿ. ಹುಟ್ಟಿದ ಮಗುವಿಗೆ ಎರಡು ಮೂರನೆಯ ದಿನ ಬರುವ ಹಳದಿ ಹೆಚ್ಚಾಗಿ ಇನ್‌ಡೈರೆಕ್ಟ್ ಬಗೆಯದು. ಅದೂ ಒಂದು ಮಟ್ಟ ಮೀರಿದರೆ ಅಪಾಯವಾದುದರಿಂದ ವೈದ್ಯರು ನೋಡಿರಬೇಕು. ಆದರೆ ಹದಿನಾಲ್ಕು ದಿನ ಕಳೆದರೂ ಹಳದಿ ಹೋಗದಿದ್ದರೆ, ಮುಖ್ಯವಾಗಿ ಮಗುವಿನ ಮಲ ಸುಣ್ಣದಂತೆ ಬಿಳಿಚಿದ್ದರೆ, ಎಳೆಬಿಸಿಲಿನಲ್ಲಿ ಹಿಡಿದು ಕಾಯುತ್ತ ಕೂರಬಾರದು. ಡೈರೆಕ್ಟ್ ಬಿಲಿರುಬಿನ್ ಪರೀಕ್ಷೆ ಆಗಲೇಬೇಕು. ಪಿತ್ತನಾಳಗಳು ಮುಚ್ಚಿಹೋಗುವ ಒಂದು ಕಾಯಿಲೆ ಶಿಶುಗಳಲ್ಲಿದೆ. ಅದರ ಶಸ್ತ್ರಚಿಕಿತ್ಸೆ ಅರುವತ್ತು ದಿನಗಳ ಒಳಗೆ ಆದರೆ ಫಲ ಹೆಚ್ಚು. ಇಲ್ಲಿ ಒಂದೊಂದು ವಾರಕ್ಕೂ ಬೆಲೆಯಿದೆ.

ಮೂರನೆಯದು ಫಸಲು. ಆಲ್ಬುಮಿನ್ ಎಂಬ ಪ್ರೋಟೀನನ್ನು ಯಕೃತ್ತೇ ತಯಾರಿಸಬೇಕು. ಸಾಮಾನ್ಯ ಮಟ್ಟ 3.5ರಿಂದ 5. ಅದು ರಕ್ತದಲ್ಲಿ ವಾರಗಟ್ಟಲೆ ಉಳಿಯುವುದರಿಂದ ದೀರ್ಘಕಾಲದ ಕಾಯಿಲೆಯಲ್ಲಿ ನಿಧಾನವಾಗಿ ಇಳಿಯುತ್ತದೆ. ರಕ್ತ ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಕೆಲವು ಗಂಟೆಗಳಲ್ಲಿಯೇ ಮುಗಿದುಹೋಗುವಂಥವು. ಆದುದರಿಂದ ಯಕೃತ್ತು ಇಂದು, ಈ ಹೊತ್ತಿಗೆ ದುಡಿಯುತ್ತಿದೆಯೇ ಎಂದು ತಿಳಿಯಲು ಪ್ರೋಥ್ರಾಂಬಿನ್ ಟೈಮ್ ಮತ್ತು ಅದರಿಂದ ಲೆಕ್ಕಹಾಕುವ ಐ.ಎನ್.ಆರ್. ಬೇಕು. ಸಾಮಾನ್ಯ ಐ.ಎನ್.ಆರ್. 1ರ ಹತ್ತಿರ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ನುಂಗುವವರಲ್ಲಿ ಮದ್ದಿನಿಂದಲೇ ಅದು ಏರಿರುತ್ತದೆ. ಅದು ಬೇರೆ ಮಾತು. ಇಲ್ಲಿ ಒಂದು ವಿಚಿತ್ರವಿದೆ. ಎಲ್.ಎಫ್.ಟಿ. ಎಂದರೆ ಯಕೃತ್ತಿನ ಕಾರ್ಯಪರೀಕ್ಷೆ. ಆದರೆ ಅದರ ಹೆಚ್ಚಿನ ಸಾಲುಗಳು ಹಾನಿಯನ್ನೋ ತಡೆಯನ್ನೋ ಹೇಳುತ್ತವೆ, ಕಾರ್ಯವನ್ನಲ್ಲ. ಕಾರ್ಯವನ್ನು ನಿಜವಾಗಿ ತಿಳಿಸುವ ಐ.ಎನ್.ಆರ್. ಎಷ್ಟೋ ವೇಳೆ ಆ ಕಾಗದದಲ್ಲಿ ಇರುವುದೇ ಇಲ್ಲ, ಬೇರೆಯಾಗಿ ಬರೆಸಬೇಕಾಗುತ್ತದೆ.

ಈಗ ಮೂರನ್ನೂ ಸೇರಿಸಿ ನೋಡೋಣ. ತೀವ್ರ ಕಾಮಾಲೆಯ ರೋಗಿಯ ಎ.ಎಲ್.ಟಿ. ಮೂರು ಸಾವಿರದಿಂದ ಐನೂರಕ್ಕೆ ಇಳಿದರೆ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಐ.ಎನ್.ಆರ್. ಸರಿಯಾಗಿದ್ದು ರೋಗಿ ಊಟ ಮಾಡುತ್ತಿದ್ದರೆ ಆ ನೆಮ್ಮದಿ ನ್ಯಾಯವೇ. ಆದರೆ ಎ.ಎಲ್.ಟಿ. ಇಳಿಯುತ್ತಿರುವಾಗ ಬಿಲಿರುಬಿನ್ನೂ ಐ.ಎನ್.ಆರ್.ಉ ಏರುತ್ತಿದ್ದರೆ, ರೋಗಿ ಮಂಕಾಗಿ ಹಗಲು ನಿದ್ರಿಸುತ್ತಿದ್ದರೆ ಅದು ಗುಣವಲ್ಲ, ಗಂಡಾಂತರ. ಗೊನೆಯಲ್ಲಿ ಅಡಿಕೆಯೇ ಉಳಿಯದಿದ್ದರೆ ಬುಡದಲ್ಲಿ ಬೀಳುವುದಾದರೂ ಏನು? ಯಕೃತ್ತು ಗಟ್ಟಿಯಾಗಿ ಗಂಟುಕಟ್ಟುವ ಸಿರೋಸಿಸ್ ಕಾಯಿಲೆಯಲ್ಲಿ ಕಿಣ್ವಗಳು ಸಂಪೂರ್ಣ ಸಹಜವಾಗಿ ಕಾಣಬಹುದೆನ್ನುವುದಕ್ಕೂ ಇದೇ ಕಾರಣ.

‘ನಾರ್ಮಲ್’ ಎಂಬುದರ ಅರ್ಥ

ವರದಿಯ ಬಲಬದಿಯಲ್ಲಿ ಮುದ್ರಿತವಾದ ಮಿತಿಗಳು ಎಲ್ಲಿಂದ ಬಂದವು? ಆರೋಗ್ಯವಂತರ ದೊಡ್ಡ ಗುಂಪನ್ನು ಪರೀಕ್ಷಿಸಿ, ನಡುವಿನ ನೂರಕ್ಕೆ 95 ಮಂದಿಯ ಅಂಕಿಗಳು ಬೀಳುವ ವ್ಯಾಪ್ತಿಯನ್ನು ಸಾಮಾನ್ಯವಾಗಿ ಮಿತಿಯೆಂದು ಹಿಡಿಯುತ್ತಾರೆ. ಹಾಗೆಂದರೆ ಆರೋಗ್ಯವಂತರಲ್ಲಿಯೂ ನೂರಕ್ಕೆ ಐವರು ಹೊರಗುಳಿದರು. ಒಂದರಿಂದೊಂದು ಬೇರೆಯಾದ ಹತ್ತು ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿದರೆ, ಏನೂ ಕಾಯಿಲೆಯಿಲ್ಲದ ನೂರು ಮಂದಿಯಲ್ಲಿ ಸುಮಾರು 40 ಮಂದಿಗೆ ಎಲ್ಲಾದರೂ ಒಂದು ಅಂಕಿ ಗೆರೆ ದಾಟಿರುತ್ತದೆ. ಹತ್ತನೆಯ ತರಗತಿಯ ಸಂಭವನೀಯತೆಯ ಪಾಠ ಓದಿದವರು ಇದನ್ನು ಲೆಕ್ಕಹಾಕಿ ನೋಡಬಹುದು. ಹೀಗಿರುವಾಗ ತುಸು ಏರಿದ ಒಂದೇ ಅಂಕಿಯ ಮುಂದೆ ಮಾಡಬೇಕಾದ ಮೊದಲ ಕೆಲಸ, ವೈದ್ಯರ ಸಲಹೆಯಂತೆ ಕೆಲವು ವಾರ ಬಿಟ್ಟು ಅದನ್ನು ಮತ್ತೊಮ್ಮೆ ನೋಡುವುದು.

ಲೆಕ್ಕದ ಮಾತು ಬಂತು. ಗಣಿತದ ಅಧ್ಯಾಪಕರಿಗೆ ಪ್ರಿಯವಾಗುವ ಇನ್ನೊಂದು ಉದಾಹರಣೆ ಕೊಡುತ್ತೇನೆ. ಕೊಬ್ಬು ಸೇರಿದ ಯಕೃತ್ತು ಗಟ್ಟಿಯಾಗತೊಡಗಿದೆಯೇ ಎಂದು ಅಂದಾಜಿಸಲು ವೈದ್ಯರು ಫಿಬ್-4 ಎಂಬ ಸೂತ್ರವನ್ನು ಬಳಸುತ್ತಾರೆ. ರೋಗಿಯ ವಯಸ್ಸನ್ನು ಎ.ಎಸ್.ಟಿ.ಯಿಂದ ಗುಣಿಸಬೇಕು. ಬಂದುದನ್ನು, ಸಾವಿರದ ಲೆಕ್ಕದಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಮತ್ತು ಎ.ಎಲ್.ಟಿ.ಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸಬೇಕು. ಇಬ್ಬರನ್ನು ಕಲ್ಪಿಸಿಕೊಳ್ಳಿ. ಇಬ್ಬರ ಎ.ಎಲ್.ಟಿ.ಯೂ 64, ವರ್ಗಮೂಲ 8. ಮೊದಲನೆಯವರಿಗೆ 36 ವರ್ಷ, ಎ.ಎಸ್.ಟಿ. 40, ಪ್ಲೇಟ್‌ಲೆಟ್ ಎರಡೂವರೆ ಲಕ್ಷ, ಅಂದರೆ 250 ಸಾವಿರ. ಗುಣಿಸಿದರೆ 1440, ಭಾಗಿಸಬೇಕಾದುದು 2000, ಉತ್ತರ 0.72. ಎರಡನೆಯವರಿಗೆ 52 ವರ್ಷ, ಎ.ಎಸ್.ಟಿ. 48, ಪ್ಲೇಟ್‌ಲೆಟ್ 180 ಸಾವಿರ. ಗುಣಿಸಿದರೆ 2496, ಭಾಗಿಸಬೇಕಾದುದು 1440, ಉತ್ತರ 1.73. ಈ ಸೂತ್ರದಲ್ಲಿ 1.3ರ ಕೆಳಗಿದ್ದರೆ ಗಟ್ಟಿಯಾಗಿರುವ ಸಂಭವ ಕಡಿಮೆ. ಅದಕ್ಕಿಂತ ಮೇಲಿದ್ದರೆ ಯಕೃತ್ತಿನ ಗಡಸುತನವನ್ನು ಅಳೆಯುವ ಫೈಬ್ರೋಸ್ಕ್ಯಾನ್ ಮುಂತಾದ ಮುಂದಿನ ಪರೀಕ್ಷೆ ಬೇಕು. ಒಂದೇ ಎ.ಎಲ್.ಟಿ., ಎರಡು ಬೇರೆ ದಾರಿ! ಎರಡನೆಯವರ ಎಲ್ಲ ಅಂಕಿಗಳೂ ಗೆರೆಯ ಆಸುಪಾಸಿನಲ್ಲಿಯೇ ಇದ್ದವೆಂಬುದನ್ನೂ, ಪ್ಲೇಟ್‌ಲೆಟ್ ಬೇರೊಂದು ಕಾಗದದಲ್ಲಿ ಇದ್ದಿತೆಂಬುದನ್ನೂ ಗಮನಿಸಿ. ಆದುದರಿಂದಲೇ ವೈದ್ಯರಲ್ಲಿಗೆ ಹೋಗುವಾಗ ಒಂದು ಕಾಗದವಲ್ಲ, ಎಲ್ಲ ಕಾಗದಗಳನ್ನೂ, ಹಳೆಯವನ್ನೂ ಒಯ್ಯಬೇಕು. ಈ ಸೂತ್ರ 35ರ ಕೆಳಗಿನವರಿಗೆ ಸಲ್ಲದು, 65 ದಾಟಿದವರಿಗೆ ಗೆರೆ 2ಕ್ಕೆ ಏರುತ್ತದೆ, ತೀವ್ರ ಕಾಮಾಲೆಯ ಹೊತ್ತಿನಲ್ಲಿ ಬಳಸುವಂತಿಲ್ಲ.

ಯಕೃತ್ತಿನ ಕೊಬ್ಬಿಗೆ ಇರುವ ಮೊದಲ ಚಿಕಿತ್ಸೆ ಬಾಟಲಿಯಲ್ಲಿ ಇಲ್ಲ. ಹೆಚ್ಚು ತೂಕವಿರುವವರು ನೂರಕ್ಕೆ ಏಳರಿಂದ ಹತ್ತು ಭಾಗ ತೂಕ ಇಳಿಸಿದರೆ ಯಕೃತ್ತಿನ ಉರಿಯೂತ ತಗ್ಗುತ್ತದೆ. 80 ಕಿಲೋ ಇರುವವರಿಗೆ ಅದು ಆರರಿಂದ ಎಂಟು ಕಿಲೋ. ಎರಡನೆಯ ಬಾರಿ ಬಡಿಸುವ ಅನ್ನ, ಸಕ್ಕರೆ ಸುರಿದ ಚಹಾ, ಸಂಜೆಯ ಬೇಕರಿ ತಿಂಡಿ ಇವುಗಳಲ್ಲಿ ಹಿಡಿತ, ದಿನಕ್ಕೊಂದಿಷ್ಟು ಬಿರುಸಿನ ನಡಿಗೆ, ಮದ್ಯಕ್ಕೆ ವಿದಾಯ, ಸಕ್ಕರೆ ಕಾಯಿಲೆಯ ನಿಯಂತ್ರಣ. ಅಂಕಿಯನ್ನು ಇಳಿಸುವುದು ನಮ್ಮ ಗುರಿಯಲ್ಲ; ಅಂಕಿಯನ್ನು ಏರಿಸಿದ ಕಾರಣವನ್ನು ಇಳಿಸುವುದು ಗುರಿ.

ನಮ್ಮ ಊರಿನ ಕಾಮಾಲೆ

ಅರಸಿನ ಮುಂಡಿಗೆ, ಕಾಮಾಲೆ, ಮಂಜಪಿತ್ತ ಎಂದು ನಾನಾ ಹೆಸರುಗಳಿಂದ ನಾವು ಕರೆಯುವುದು ಒಂದು ಲಕ್ಷಣವನ್ನು, ಒಂದು ಕಾಯಿಲೆಯನ್ನಲ್ಲ. ಕಲುಷಿತ ನೀರು ಮತ್ತು ಆಹಾರದಿಂದ ಹರಡುವ ಹೆಪಟೈಟಿಸ್ ಎ ನಮ್ಮ ರಾಜ್ಯದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ವೈರಸ್ ಹೊಕ್ಕು ಸರಾಸರಿ ನಾಲ್ಕು ವಾರಗಳ ಮೇಲೆ ಕಾಯಿಲೆ ತೋರುವುದರಿಂದ, ಇಂದಿನ ಜ್ವರಕ್ಕೆ ಕಳೆದ ತಿಂಗಳ ಮದುವೆಯ ಪಾನಕ ಕಾರಣವಿರಬಹುದು. ಇದು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಗುಣವಾಗುತ್ತದೆ. ತಾನಾಗಿ ಗುಣವಾಗುವ ಕಾಯಿಲೆಗೆ ಕೊಟ್ಟದ್ದೆಲ್ಲ ಮದ್ದೇ! ನೆಲನೆಲ್ಲಿಯ ಕೀರ್ತಿಯಲ್ಲಿ ಒಂದು ಪಾಲು ಹೀಗೆ ಬಂದದ್ದು. ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬ್ಲೂಂಬರ್ಗ್ ಅವರೇ ನೆಲನೆಲ್ಲಿಯ ಬಗ್ಗೆ ಆಸಕ್ತಿ ತಾಳಿದ್ದರು. 1988ರಲ್ಲಿ ಮದ್ರಾಸಿನಿಂದ ಆಶಾದಾಯಕ ವರದಿಯೂ ಬಂದಿತ್ತು. ಮುಂದಿನ ಅಧ್ಯಯನಗಳಲ್ಲಿ ಆ ಫಲ ಸ್ಥಿರವಾಗಿ ಕಾಣಲಿಲ್ಲ. ನಮ್ಮ ಹಿರಿಯರ ಸಸ್ಯಜ್ಞಾನದ ಮೇಲೆ ನನಗೆ ಗೌರವವಿದೆ. ಆದರೆ ಗಿಡಮೂಲಿಕೆಯೂ ಯಕೃತ್ತಿನ ಮೂಲಕವೇ ಸಾಗಬೇಕು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯನ್ನು ತಿಂಗಳುಗಟ್ಟಲೆ ಸೇವಿಸಿದ ಕೆಲವರಲ್ಲಿ ಯಕೃತ್ತಿನ ಉರಿಯೂತ ಕಂಡುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಏನು ಕುಡಿದಿರಿ ಎಂದು ವೈದ್ಯರು ಕೇಳಿದಾಗ ಕಷಾಯದ ಹೆಸರನ್ನೂ ಸಂಕೋಚವಿಲ್ಲದೆ ಹೇಳಿ. ನಾಳ ಕಟ್ಟಿದ ಕಾಮಾಲೆಗೆ ಕಷಾಯ ಕುಡಿಯುತ್ತ ಕಳೆದ ಆರು ವಾರಗಳು ಮರಳಿ ಬರುವುದಿಲ್ಲ. ಗರ್ಭಿಣಿಗೆ ಕಾಮಾಲೆ ಬಂದರಂತೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೆಪಟೈಟಿಸ್ ಇ ಅವರಲ್ಲಿ ಬಹಳ ಉಗ್ರ.

ಹೆಪಟೈಟಿಸ್ ಬಿ ಮತ್ತು ಸಿ ಬೇರೆ ಜಾತಿಯವು. ರಕ್ತದ ಮೂಲಕ, ಲೈಂಗಿಕ ಸಂಪರ್ಕದಿಂದ, ತಾಯಿಯಿಂದ ಮಗುವಿಗೆ ಹರಡುತ್ತವೆ. ಹತ್ತಿಪ್ಪತ್ತು ವರ್ಷ ಸದ್ದಿಲ್ಲದೆ ಉಳಿಯಬಲ್ಲವು. ಎಲ್.ಎಫ್.ಟಿ. ಸಹಜವಾಗಿದ್ದರೂ ಇವು ಒಳಗಿರಬಹುದಾದುದರಿಂದ ಇವಕ್ಕೆ ಪ್ರತ್ಯೇಕ ಪರೀಕ್ಷೆ ಬೇಕು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಇವುಗಳ ಪರೀಕ್ಷೆಯೂ ಚಿಕಿತ್ಸೆಯೂ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಹುಟ್ಟಿದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಕೊಡುವ ಲಸಿಕೆ ಮಗುವನ್ನು ಹೆಪಟೈಟಿಸ್ ಬಿಯಿಂದ ಕಾಯುತ್ತದೆ. ಸಿಗೆ ಲಸಿಕೆಯಿಲ್ಲ, ಆದರೆ ಸುಮಾರು ಮೂರು ತಿಂಗಳ ಮಾತ್ರೆಗಳಿಂದ ಹೆಚ್ಚಿನವರಲ್ಲಿ ಅದು ಪೂರ್ಣ ಗುಣವಾಗುತ್ತದೆ.

ಕಾಗದ ಕೈಗೆ ಬಂದಾಗ

ನಾನು ಹೇಳಿದ್ದನ್ನು ನೆನಪಿಡಲು ಐದು ಪ್ರಶ್ನೆಗಳು ಸಾಕು. ವೈದ್ಯರ ಮುಂದೆ ಇವನ್ನು ಯಾವ ಭಾಷೆಯಲ್ಲಿಯಾದರೂ ಕೇಳಿ. ಒಂದು, ಉದುರುತ್ತಿರುವುದೋ, ಕಟ್ಟಿರುವುದೋ, ಕೆಲಸವೇ ನಿಂತಿರುವುದೋ? ಎರಡು, ಹಿಂದಿನ ವರದಿಗಿಂತ ಏರಿದೆಯೋ ಇಳಿದಿದೆಯೋ? ಮೂರು, ನಾನು ತೆಗೆದುಕೊಳ್ಳುವ ಮದ್ದು, ಕಷಾಯಗಳಲ್ಲಿ ಯಾವುದಾದರೂ ಕಾರಣವೇ? ನಾಲ್ಕು, ಐ.ಎನ್.ಆರ್., ಪ್ಲೇಟ್‌ಲೆಟ್, ಸ್ಕ್ಯಾನಿಂಗ್ ಇವುಗಳಲ್ಲಿ ಯಾವುದು ಬೇಕು? ಐದು, ಮತ್ತೆ ಎಂದು ಪರೀಕ್ಷಿಸಬೇಕು?

ಮದ್ದನ್ನು ನೀವಾಗಿ ನಿಲ್ಲಿಸಬೇಡಿ. ಕ್ಷಯರೋಗದ ಚಿಕಿತ್ಸೆಯಲ್ಲಿ ವಾಂತಿ, ಕಾಮಾಲೆಯಂಥ ಲಕ್ಷಣಗಳಿದ್ದು ಎ.ಎಲ್.ಟಿ. ಮಿತಿಯ ಮೂರು ಪಟ್ಟು ಮೀರಿದರೆ, ಲಕ್ಷಣಗಳಿಲ್ಲದೆ ಐದು ಪಟ್ಟು ಮೀರಿದರೆ ವೈದ್ಯರು ಮಾತ್ರೆ ತಡೆಯುತ್ತಾರೆ. ಅದಕ್ಕಿಂತ ಕಡಿಮೆ ಏರಿಕೆಯಲ್ಲಿ ಕಾದು ನೋಡುತ್ತಾರೆ. ಆದರೆ ಮೈ ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಮರುದಿನಕ್ಕೆ ಕಾಯದೆ ವೈದ್ಯರನ್ನು ಕಾಣಿ. ಪ್ಯಾರಾಸಿಟಮಾಲ್ ವಯಸ್ಕರಿಗೆ ದಿನಕ್ಕೆ ನಾಲ್ಕು ಗ್ರಾಂ ಮೀರಬಾರದು. 650ರ ಮಾತ್ರೆಯಾದರೆ ಆರೇ ಆಯಿತು. ಶೀತದ ಮಾತ್ರೆಯಲ್ಲಿಯೂ ಅದೇ ಇರಬಹುದೆಂಬುದನ್ನು ಮರೆಯಬೇಡಿ. ಮದ್ಯ ಸೇವಿಸುವವರಿಗೆ, ಉಪವಾಸವಿದ್ದವರಿಗೆ ಇನ್ನೂ ಕಡಿಮೆ.

ಅಧ್ಯಾಪಕ ಬಂಧುಗಳಲ್ಲಿ ಕೊನೆಯ ಮಾತು. ಕನ್ನಡದಲ್ಲಿ ಕಲಿತವರಿಗೆ ವಿಜ್ಞಾನ ದಕ್ಕದೆಂದು ಹೇಳುವವರು ಇಂದೂ ಇದ್ದಾರೆ. ಈಗ ಒಂದು ಗಂಟೆ ನಾವು ಕಿಣ್ವ, ಪಿತ್ತನಾಳ, ವರ್ಗಮೂಲ, ಸಂಭವನೀಯತೆಗಳ ಬಗ್ಗೆ ಮಾತನಾಡಿದೆವು. ಭಾಷೆ ಎಲ್ಲಿಯೂ ನಮ್ಮ ಕಾಲು ಹಿಡಿದೆಳೆಯಲಿಲ್ಲ. ಈ ಶಬ್ದಗಳನ್ನು ನನಗೆ ಕೊಟ್ಟದ್ದು ಈ ಶಾಲೆ. ಇಂಗ್ಲಿಷ್ ವರದಿಯನ್ನು ಓದಿ, ಮಲೆಯಾಳದ ವಿವರಣೆಯನ್ನು ಕೇಳಿ, ಕನ್ನಡದಲ್ಲಿ ಯೋಚಿಸಿ, ಅಜ್ಜಿಗೆ ಅವಳ ಮಾತಿನಲ್ಲಿ ತಿಳಿಹೇಳಬಲ್ಲ ಮಗು ಗಡಿನಾಡಿನ ಮನೆಗೆ ದೊಡ್ಡ ಆಸ್ತಿ. ಹತ್ತನೆಯ ತರಗತಿಯಲ್ಲಿ ವರ್ಷಕ್ಕೊಂದು ದಿನ, ಹೆಸರು ಅಳಿಸಿದ ಒಂದು ವರದಿಯನ್ನು ಹಲಗೆಯ ಮೇಲೆ ಬರೆದು ಮಕ್ಕಳಿಂದ ಓದಿಸಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಎರಡನೆಯ ಶತಮಾನಕ್ಕೆ ಕಾಲಿಡುವ ಶಾಲೆಗೆ ಇದು ಸಣ್ಣ ಕೆಲಸ. ಆದರೆ ಅದರಿಂದ ಎಲ್ಲೋ ಒಂದು ಮನೆಯಲ್ಲಿ ಒಂದು ಜೀವ ಸಕಾಲದಲ್ಲಿ ಆಸ್ಪತ್ರೆ ಸೇರೀತು.